ಬಾಗಿಲು ಹಾಕುವ ಲೆಕ್ಕ, ಬಾಗಿಲು ತೆಗೆಯುವ ಲೆಕ್ಕ



ನಮ್ಮ ಕಡೆ ಮನೆಗೊಂದು ಮಾತು, ಸಂತೆಗೊಂದು ಮಾತು. ಮಡಕಶಿರಾ, ಅಮರಾಪುರ, ರೊಳ್ಳದ ಕಡೆಯವರು ಮನೆಯಲ್ಲಿ ಕನ್ನಡ ಆಡುತ್ತಾರೆ, ಹಿಂದೂಪುರದ ಮಾರುಕಟ್ಟೆಗೆ ಹುಣಸೆಹಣ್ಣು ತಂದರೆ ತೆಲುಗಿನಲ್ಲಿ ಚೌಕಾಸಿ ಮಾಡುತ್ತಾರೆ. ಆದ್ದರಿಂದ ಗಾದೆಗಳು ಕೂಡ ನಮಗೆ ಎರಡು ಕಡೆಯಿಂದ ಬರುತ್ತವೆ. ಜೀವ ಉಳಿದರೆ ಬೇಡಿಯಾದರೂ ತಿಂದೇವು ಎಂದು ಕನ್ನಡದಲ್ಲಿ ಹೇಳುತ್ತೇವೆ. ತೆಲುಗಿನಲ್ಲಿ ‘ಬ್ರತಿಕುಂಟೆ ಬಲುಸಾಕು ತಿನವಚ್ಚು’ ಎನ್ನುತ್ತಾರೆ. ಬದುಕಿದ್ದರೆ ಬಲುಸು ಸೊಪ್ಪನ್ನಾದರೂ ತಿಂದು ಕಾಲ ಹಾಕಬಹುದು ಎಂದು ಅದರ ಅರ್ಥ. ಬರಗಾಲದ ಸೀಮೆಯ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

2020ರಲ್ಲಿ ಕೊರೋನಾ ಬಂದು ದೇಶವೆಲ್ಲ ಬೀಗ ಹಾಕಿಕೊಂಡಾಗ ಈ ಗಾದೆಗೆ ಪರೀಕ್ಷೆಯಾಯಿತು. ಮೊದಲು ಜೀವ, ಆಮೇಲೆ ಜೀವನ ಎಂದರು ಕೆಲವರು. ಬಲುಸು ಸೊಪ್ಪು ತಿನ್ನುವವರು ಯಾರು, ತಿನ್ನಿ ಎಂದು ಹೇಳುವವರು ಯಾರು ಎಂದು ಕೇಳಿದರು ಇನ್ನು ಕೆಲವರು. ನಿರ್ಬಂಧ ಸಡಿಲಿಸಿದರೆ ಒಂದಷ್ಟು ಜೀವ ಹೋಗುತ್ತದೆ, ಬಿಗಿ ಮಾಡಿದರೆ ಒಂದಷ್ಟು ಜೀವನ ಹೋಗುತ್ತದೆ. ಸಡಿಲಿಕೆಯಿಂದ ಸಿಗುವ ಲಾಭಕ್ಕೆ ಅಷ್ಟು ಜೀವಗಳ ಬೆಲೆ ತೆರಬಹುದೇ? ಈ ಪ್ರಶ್ನೆಯನ್ನು ಇವತ್ತು ಸಾವಧಾನವಾಗಿ ಬಿಡಿಸಿ ನೋಡೋಣ. ಆ ದಿನಗಳು ಕಳೆದಿವೆ, ಮತ್ತೊಂದು ರೋಗ ಬಾರದು ಎಂಬ ಭರವಸೆ ಯಾರಿಗೂ ಇಲ್ಲ. ಬಿಸಿ ಇಲ್ಲದ ಹೊತ್ತಿನಲ್ಲಿ ಮಾಡಿಟ್ಟುಕೊಂಡ ಲೆಕ್ಕ ಆಪತ್ತಿನಲ್ಲಿ ಕೈಗೆ ಬರುತ್ತದೆ.

ಮೊದಲು ನಡೆದದ್ದನ್ನು ನೆನಪು ಮಾಡಿಕೊಳ್ಳೋಣ. ಭಾರತದಲ್ಲಿ ಈ ರೋಗದಿಂದ ಮೊದಲ ಸಾವು ಸಂಭವಿಸಿದ್ದು ಕನ್ನಡ ನಾಡಿನ ಕಲಬುರಗಿಯಲ್ಲಿ, 2020ರ ಮಾರ್ಚ್ 10ರಂದು. ಅದೇ ತಿಂಗಳಲ್ಲಿ ಗೌರಿಬಿದನೂರಿನಲ್ಲಿ ರೋಗ ಕಾಣಿಸಿತು. ತಿಂಗಳ ಕೊನೆಗೆ ಹಿಂದೂಪುರ, ಲೇಪಾಕ್ಷಿಗಳಲ್ಲೂ ಕಾಣಿಸಿತು. ರೋಗಕ್ಕೆ ಗಡಿಕಲ್ಲು ಕಾಣಲಿಲ್ಲ. ಮಾರ್ಚ್ 25ರಿಂದ ದೇಶವೆಲ್ಲ 21 ದಿನಗಳ ಲಾಕ್‌ಡೌನ್. ಅದು ಮೇ 3ಕ್ಕೆ ಹೋಯಿತು, ಮೇ 17ಕ್ಕೆ ಹೋಯಿತು, ಮೇ 31ಕ್ಕೆ ಹೋಯಿತು. ಜೂನ್‌ನಿಂದ ಒಂದೊಂದಾಗಿ ಬಾಗಿಲು ತೆಗೆದರು.

ಆ ದಿನಗಳಲ್ಲಿ ಎಷ್ಟೋ ಮನೆಗಳಲ್ಲಿ ನಡೆದಿರಬಹುದಾದ ಒಂದು ಮಾತುಕತೆಯನ್ನು ಊಹಿಸಿಕೊಳ್ಳಿ. ಭಾವ ಹಿಂದೂಪುರದ ಮಾರುಕಟ್ಟೆಯ ಬಳಿ ಟೀ ಹೋಟೆಲು ಇಟ್ಟವನು. ಬಾಮೈದ ಕಲ್ಯಾಣದುರ್ಗದ ಹತ್ತಿರ ಚೀನಿಕಾಯಿ ತೋಟ ಮಾಡಿದವನು, ಮನೆಯಲ್ಲಿ ಎಪ್ಪತ್ತು ದಾಟಿದ ತಾಯಿ. ಫೋನಿನಲ್ಲಿ ಮಾತು.

“ಏನಪ್ಪಾ, ಇಪ್ಪತ್ತೊಂದು ದಿನ ಅಂದರು, ನಲವತ್ತಾಯಿತು. ಒಲೆ ಹಚ್ಚಿಲ್ಲ. ಹೋಟೆಲಿನ ಹುಡುಗರಿಗೆ ಏನು ಕೊಡಲಿ? ಕೊರೋನಾದಿಂದ ಸಾಯುವವರು ನೂರಕ್ಕೆ ಒಬ್ಬರೋ ಇಬ್ಬರೋ. ಹಸಿವು ನೂರಕ್ಕೆ ನೂರು ಜನಕ್ಕೂ ಬರುತ್ತದೆ.”

“ನೀವು ಹೇಳೋದು ಸುಳ್ಳಲ್ಲ ಭಾವ. ನನ್ನ ಕಾಯಿ ಕೂಡ ಗಿಡದಲ್ಲೇ ಉದುರುತ್ತಾ ಇದೆ, ಲಾರಿ ಬರೋಲ್ಲ. ಆದರೆ ಆ ಒಬ್ಬರು ನಮ್ಮ ಅವ್ವನೇ ಆದರೆ?”

“ಬಸ್ಸಿಗೆ ಸಿಕ್ಕಿ ಜನ ಸಾಯ್ತಾರೆ ಅಂತ ಬಸ್ಸು ನಿಲ್ಲಿಸ್ತೀವೇನೋ?”

ಭಾವನ ಕೊನೆಯ ಮಾತಿಗೆ ಬಾಮೈದನ ಹತ್ತಿರ ಉತ್ತರವಿರಲಿಲ್ಲ. ನಿಜಕ್ಕೂ ಅದು ಗಟ್ಟಿಯಾದ ಮಾತು. 2019ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಒಂದೂವರೆ ಲಕ್ಷ ಜನ ಸತ್ತರು. ನಾವು ರಸ್ತೆ ಮುಚ್ಚಲಿಲ್ಲ. ಅಂದರೆ ಓಡಾಟದ ಅನುಕೂಲಕ್ಕಾಗಿ ಒಂದಷ್ಟು ಅಪಾಯವನ್ನು ಎಲ್ಲರೂ ಒಪ್ಪಿಕೊಂಡಿದ್ದೇವೆ. ಜೀವಕ್ಕೆ ಬೆಲೆ ಕಟ್ಟಲಾಗದು ಎಂದು ಬಾಯಲ್ಲಿ ಹೇಳುತ್ತೇವೆ, ನಿತ್ಯದ ನಡತೆಯಲ್ಲಿ ಏನೋ ಒಂದು ಬೆಲೆ ಕಟ್ಟಿಯೇ ಇರುತ್ತೇವೆ. ಹಾಗಾದರೆ ರೋಗಕ್ಕೂ ಇದೇ ನ್ಯಾಯ ಏಕೆ ಬೇಡ?

ಇಲ್ಲೊಂದು ವ್ಯತ್ಯಾಸವಿದೆ. ಇವತ್ತು ನಡೆದ ಅಪಘಾತದಿಂದ ನಾಳೆ ಎರಡು ಅಪಘಾತ ಹುಟ್ಟುವುದಿಲ್ಲ. ಇವತ್ತಿನ ಒಬ್ಬ ರೋಗಿಯಿಂದ ಮುಂದಿನ ವಾರ ಇಬ್ಬರು ರೋಗಿಗಳು ಹುಟ್ಟಬಹುದು. ಲೆಕ್ಕ ಮಾಡಿ ನೋಡಿ. ಒಬ್ಬನಿಂದ ಇಬ್ಬರಿಗೆ, ಇಬ್ಬರಿಂದ ನಾಲ್ವರಿಗೆ ಎಂದು ಹರಡುತ್ತ ಹೋದರೆ ಹತ್ತನೆಯ ಸುತ್ತಿನಲ್ಲಿ 1,024 ಜನ. ಒಂದು ಸುತ್ತಿಗೆ ಐದು ದಿನ ಎಂದರೆ ಐವತ್ತೇ ದಿನ. ಜನ ಸ್ವಲ್ಪ ದೂರ ನಿಂತು, ಮುಖಕ್ಕೆ ಬಟ್ಟೆ ಕಟ್ಟಿ, ಜಾತ್ರೆ ನಿಲ್ಲಿಸಿ, ಒಬ್ಬನಿಂದ ಸರಾಸರಿ 1.2 ಜನಕ್ಕೆ ಮಾತ್ರ ಹರಡುವಂತೆ ಮಾಡಿದರೆ ಹತ್ತನೆಯ ಸುತ್ತಿನಲ್ಲಿ ಆರೇ ಜನ. ಅದನ್ನು 0.8ಕ್ಕೆ ಇಳಿಸಿದರೆ ನೂರು ರೋಗಿಗಳಿದ್ದ ಕಡೆ ಹತ್ತು ಸುತ್ತಿನ ನಂತರ ಹತ್ತು ಹನ್ನೊಂದು ಜನ ಉಳಿಯುತ್ತಾರೆ.

ಆದ್ದರಿಂದ ಒಂದರ ಗೆರೆಯೇ ಇಲ್ಲಿ ಗಡಿಕಲ್ಲು. ಗೆರೆಯ ಕೆಳಗಿದ್ದರೆ ರೋಗ ತಾನೇ ಬತ್ತುತ್ತದೆ, ಮೇಲಿದ್ದರೆ ಉಕ್ಕುತ್ತದೆ. ನಿರ್ಬಂಧವನ್ನು ಸ್ವಲ್ಪ ಸಡಿಲಿಸಿದರೆ ಸಾವೂ ಸ್ವಲ್ಪವೇ ಹೆಚ್ಚುತ್ತದೆ ಎಂದು ಭಾವಿಸಬಾರದು. 0.7ರಿಂದ 0.9ಕ್ಕೆ ಏರಿದರೆ ದೊಡ್ಡ ಅನಾಹುತವಿಲ್ಲ. 0.9ರಿಂದ 1.3ಕ್ಕೆ ಏರಿದರೆ ಕೆಲವೇ ವಾರಗಳಲ್ಲಿ ಚಿತ್ರವೇ ಬೇರೆ.

ಎರಡನೆಯ ಗೆರೆ ಆಸ್ಪತ್ರೆಯದು. ಬರೀ ಲೆಕ್ಕಕ್ಕಾಗಿ, ಒಂದು ಆಸ್ಪತ್ರೆಯಲ್ಲಿ ಆಮ್ಲಜನಕದ ಹಾಸಿಗೆ 50 ಇವೆ ಎಂದಿಟ್ಟುಕೊಳ್ಳಿ. ನೂರು ರೋಗಿಗಳಲ್ಲಿ ಐವರಿಗೆ ಆಮ್ಲಜನಕ ಬೇಕು. ಒಂದೇ ಸಲಕ್ಕೆ 1,000 ಜನಕ್ಕೆ ರೋಗ ಬಂದರೆ 50 ಹಾಸಿಗೆ ತುಂಬುತ್ತವೆ, ಹೇಗೋ ನಡೆಯುತ್ತದೆ. 2,000 ಜನಕ್ಕೆ ಬಂದರೆ 50 ಜನ ಹೊರಗೆ ಉಳಿಯುತ್ತಾರೆ. ಅದೇ ರೋಗ, ಅದೇ ವೈದ್ಯರು, ಐವತ್ತೊಂದನೆಯವನು ಮಾತ್ರ ಬದುಕಬಹುದಾಗಿದ್ದೂ ಸಾಯುತ್ತಾನೆ. ಅದೇ 2,000 ಜನಕ್ಕೆ ಎರಡು ಕಂತಿನಲ್ಲಿ ರೋಗ ಬಂದಿದ್ದರೆ ಆ ಐವತ್ತು ಜನಕ್ಕೂ ಹಾಸಿಗೆ ಸಿಗುತ್ತಿತ್ತು. ನಿಧಾನ ಮಾಡುವುದರಿಂದ ಏನು ಬಂತು, ಹೇಗೂ ಎಲ್ಲರಿಗೂ ಬರುವುದೇ ತಾನೇ ಎಂದು ಕೇಳುವವರಿಗೆ ಇದೇ ಉತ್ತರ.

ಇದು ಬರೀ ಗಣಿತವಾಗಿ ಉಳಿಯಲಿಲ್ಲ. 2021ರ ಫೆಬ್ರವರಿಯಲ್ಲಿ ದೇಶದಲ್ಲಿ ದಿನಕ್ಕೆ ಹತ್ತು ಹನ್ನೊಂದು ಸಾವಿರ ಹೊಸ ಪ್ರಕರಣ ಮಾತ್ರ ಇದ್ದವು. ರೋಗ ಹೋಯಿತು ಎಂದುಕೊಂಡೆವು. ಮದುವೆ, ಚುನಾವಣೆ ಸಭೆ, ಜಾತ್ರೆ ಎಲ್ಲವೂ ನಡೆದವು. ಹೊಸ ತಳಿಯ ವೈರಸ್ಸು ಅದೇ ಹೊತ್ತಿಗೆ ಬಂತು. ಮೇ 6ರಂದು ಒಂದೇ ದಿನ ನಾಲ್ಕು ಲಕ್ಷಕ್ಕೂ ಹೆಚ್ಚು ಹೊಸ ಪ್ರಕರಣ. ಮೇ 2 ಮತ್ತು 3ರ ನಡುವೆ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ಜನ ಸತ್ತರು. ಆಮ್ಲಜನಕದ ಕೊರತೆಯೇ ಕಾರಣ ಎಂದು ಹೈಕೋರ್ಟ್ ನೇಮಿಸಿದ ಸಮಿತಿ ಹೇಳಿತು. ಎರಡನೆಯ ಗೆರೆ ದಾಟುವುದೆಂದರೆ ಇದು.

ಇಲ್ಲಿಯವರೆಗೆ ಬಾಮೈದನ ಪಕ್ಷ. ಈಗ ಭಾವನ ಪಕ್ಷಕ್ಕೂ ನ್ಯಾಯವಾಗಿ ಕಿವಿಗೊಡೋಣ. ಬಾಗಿಲು ಮುಚ್ಚುವುದರಿಂದಲೂ ಜನ ಸಾಯುತ್ತಾರೆ. ಅಂಥ ಸಾವು ಸಾಯಂಕಾಲದ ವಾರ್ತೆಯ ಅಂಕಿಅಂಶದಲ್ಲಿ ಬರುವುದಿಲ್ಲ, ಅಷ್ಟೆ.

ಕ್ಷಯರೋಗವನ್ನೇ ತೆಗೆದುಕೊಳ್ಳಿ. 2019ರಲ್ಲಿ ದೇಶದಲ್ಲಿ 24 ಲಕ್ಷ ಕ್ಷಯರೋಗಿಗಳು ಪತ್ತೆಯಾಗಿ ದಾಖಲಾದರು. 2020ರಲ್ಲಿ 18 ಲಕ್ಷ. ಕ್ಷಯ ಕಡಿಮೆಯಾಯಿತು ಎಂದು ಹಿಗ್ಗಬೇಕಾಗಿಲ್ಲ. ಬಸ್ಸಿಲ್ಲದೆ, ಆಸ್ಪತ್ರೆಗೆ ಹೋಗಲು ಹೆದರಿ, ಕಫ ಪರೀಕ್ಷೆ ಮಾಡಿಸದೆ ಲಕ್ಷಾಂತರ ಜನ ಮನೆಯಲ್ಲೇ ಕೆಮ್ಮುತ್ತ ಉಳಿದರು. ನಡೆದೇ ಊರಿಗೆ ಹೊರಟ ಕೂಲಿಗಳ ಕಥೆ ಎಲ್ಲರಿಗೂ ನೆನಪಿದೆ. 2020ರ ಮೇ 8ರಂದು ಮಹಾರಾಷ್ಟ್ರದ ಔರಂಗಾಬಾದಿನ ಬಳಿ ರೈಲು ಹಳಿಯ ಮೇಲೆ ಮಲಗಿದ್ದ 16 ಜನ ಕೂಲಿಕಾರರ ಮೇಲೆ ಗೂಡ್ಸ್ ಗಾಡಿ ಹರಿಯಿತು. ಮಳೆಯಿಲ್ಲದೆ ಬೆಂಗಳೂರಿಗೆ ಗುಳೆ ಹೋಗುವ ನಮ್ಮ ಸೀಮೆಯವರಿಗೆ ಆ ಸುದ್ದಿ ದೂರದ ಸುದ್ದಿಯಾಗಿ ಕೇಳಿಸಲಿಲ್ಲ.

ಮಕ್ಕಳ ಕಡೆ ನೋಡಿ. ಬಾಲ್ಯವಿವಾಹ ತಡೆ ಕಾಯ್ದೆಯಡಿ ದೇಶದಲ್ಲಿ 2019ರಲ್ಲಿ 523 ಮೊಕದ್ದಮೆ ದಾಖಲಾಗಿದ್ದವು, 2020ರಲ್ಲಿ 785. ಶಾಲೆಯ ಬಾಗಿಲು ಮುಚ್ಚಿದ್ದೂ ಹಲವು ಹೆಣ್ಣುಮಕ್ಕಳ ಪಾಲಿಗೆ ಮುಳುವಾಯಿತು. ಮೂರನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠ ಓದಬಲ್ಲವರು 2018ರಲ್ಲಿ ನೂರಕ್ಕೆ 27 ಇದ್ದರು, 2022ಕ್ಕೆ ನೂರಕ್ಕೆ 20ರಷ್ಟಾದರು. ಇದು ಗ್ರಾಮೀಣ ಭಾರತದಲ್ಲಿ ಮಾಡಿದ ‘ಅಸರ್’ ಸಮೀಕ್ಷೆಯ ಲೆಕ್ಕ. ಮನೆಯಲ್ಲಿ ಸ್ಮಾರ್ಟ್‌ಫೋನ್ ಇಲ್ಲದ ಮಗು, ಅದರಲ್ಲೂ ತೆಲುಗು ನಾಡಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವ ಮಗು, ಪಾಠವನ್ನು ಎಲ್ಲಿಂದ ಹಿಡಿಯಬೇಕು?

ಪರೀಕ್ಷೆಯ ವಿಷಯದಲ್ಲಿ ಎರಡು ರಾಜ್ಯಗಳು ಎರಡು ದಾರಿ ಹಿಡಿದವು. ಆಂಧ್ರ 2020ರಲ್ಲೂ 2021ರಲ್ಲೂ ಹತ್ತನೆಯ ತರಗತಿ ಪರೀಕ್ಷೆ ರದ್ದು ಮಾಡಿತು. ಕರ್ನಾಟಕ ಎರಡು ವರ್ಷವೂ ನಡೆಸಿತು, ಎರಡನೆಯ ವರ್ಷ ಎರಡೇ ದಿನಗಳಲ್ಲಿ ಮುಗಿಸಿತು. ಗಡಿಯ ಈ ಕಡೆಯ ಹುಡುಗ ಬರೆಯದೆ ಪಾಸಾದ, ಆ ಕಡೆಯ ಅವನ ಚಿಕ್ಕಪ್ಪನ ಮಗ ಮಾಸ್ಕ್ ಹಾಕಿಕೊಂಡು ಬರೆದು ಪಾಸಾದ. ಒಂದೇ ಪ್ರಶ್ನೆಗೆ ಬುದ್ಧಿವಂತರೇ ಎರಡು ಉತ್ತರ ಕೊಡಬಹುದು ಎನ್ನುವುದಕ್ಕೆ ಇದು ನಮ್ಮ ಕಣ್ಣೆದುರಿನ ಸಾಕ್ಷಿ.

ಇನ್ನು ಗಡಿಯವರಿಗೆ ಮಾತ್ರ ಅರ್ಥವಾಗುವ ಒಂದು ವೆಚ್ಚವಿದೆ. ಕಾಸರಗೋಡಿನ ಜನ ದೊಡ್ಡ ಕಾಯಿಲೆಗೆ ಮಂಗಳೂರಿಗೇ ಹೋಗುವವರು. 2020ರ ಮಾರ್ಚ್ ಕೊನೆಯಲ್ಲಿ ಕಾಸರಗೋಡಿನಲ್ಲಿ ರೋಗ ಹೆಚ್ಚಿತೆಂದು ಕರ್ನಾಟಕ ತಲಪಾಡಿಯಲ್ಲಿ ರಸ್ತೆ ಮುಚ್ಚಿತು, ಒಳದಾರಿಗಳಿಗೆ ಮಣ್ಣು ಸುರಿಸಿತು. ಮಂಗಳೂರಿಗೆ ರೋಗ ಬಾರದಿರಲಿ ಎಂಬ ಕಾಳಜಿ ಸುಳ್ಳಲ್ಲ. ಆದರೆ ಹೃದಯದ ಕಾಯಿಲೆಯವರು, ಮೂತ್ರಪಿಂಡದ ಕಾಯಿಲೆಯವರು ಗಡಿಯಲ್ಲಿ ಸಿಕ್ಕಿಕೊಂಡರು. ಚಿಕಿತ್ಸೆಗೆ ದಾರಿ ಸಿಗದೆ ಹಲವರು ಸತ್ತರೆಂದು ಆಗ ವರದಿಯಾಯಿತು. ಕೇರಳ ಹೈಕೋರ್ಟ್ ಮಧ್ಯೆ ಬಂತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ಏಪ್ರಿಲ್ 7ರ ಹೊತ್ತಿಗೆ ರೋಗಿಗಳನ್ನು ಬಿಡುವ ಒಂದು ಕ್ರಮಕ್ಕೆ ಒಪ್ಪಂದವಾಯಿತು. ಮರುವರ್ಷ ಮೇ ತಿಂಗಳಲ್ಲಿ ಹೈದರಾಬಾದಿಗೆ ಹೊರಟ ಆಂಧ್ರದ ಆಂಬುಲೆನ್ಸುಗಳನ್ನು ತೆಲಂಗಾಣದ ಪೊಲೀಸರು ಕರ್ನೂಲಿನ ಆಚೆ ಪುಲ್ಲೂರಿನಲ್ಲಿ ತಡೆದರು. ಅಲ್ಲೂ ಹೈಕೋರ್ಟೇ ದಾರಿ ಬಿಡಿಸಬೇಕಾಯಿತು. ಹಿಂದೂಪುರದಿಂದ ಬೆಂಗಳೂರು ಸುಮಾರು ನೂರು ಕಿಲೋಮೀಟರು. ನಮ್ಮ ಕಡೆಯ ಎಷ್ಟೋ ಕಾಯಿಲೆಗೆ ಅಲ್ಲೇ ಮದ್ದು. ಗಡಿ ಮುಚ್ಚುವ ಆಜ್ಞೆಗೆ ಸಹಿ ಹಾಕುವವರು ರಾಜಧಾನಿಯಲ್ಲಿರುತ್ತಾರೆ, ಅದರ ಭಾರ ಹೊರುವವರು ಗಡಿಯಲ್ಲಿರುತ್ತಾರೆ.

ಹಾಗಾದರೆ ಬೇರೆ ದೇಶಗಳ ಅನುಭವ ಏನು ಹೇಳುತ್ತದೆ? ಸ್ವೀಡನ್ ದೇಶ 2020ರಲ್ಲಿ ಲಾಕ್‌ಡೌನ್ ಮಾಡಲಿಲ್ಲ. ಹೋಟೆಲು, ಚಿಕ್ಕಮಕ್ಕಳ ಶಾಲೆ ತೆರೆದೇ ಇದ್ದವು. ಸುಮಾರು ಒಂದು ಕೋಟಿ ಜನಸಂಖ್ಯೆಯ ಆ ದೇಶದಲ್ಲಿ ಆ ವರ್ಷ ಒಂಬತ್ತು ಸಾವಿರದ ಆಸುಪಾಸು ಜನ ಈ ರೋಗದಿಂದ ಸತ್ತರು. ಅದರ ಅರ್ಧದಷ್ಟು ಜನಸಂಖ್ಯೆಯ ನೆರೆಯ ನಾರ್ವೆ ಬಾಗಿಲು ಹಾಕಿತು, ಅಲ್ಲಿ ಸತ್ತವರು 500ಕ್ಕಿಂತ ಕಡಿಮೆ. ಐವತ್ತು ಲಕ್ಷ ಜನರ ದ್ವೀಪ ನ್ಯೂಜಿಲೆಂಡ್ ಬಿಗಿಯಾಗಿ ಮುಚ್ಚಿತು, ಆ ವರ್ಷ ಸತ್ತವರು 25. ಇಷ್ಟು ಕೇಳಿದರೆ ಬಾಮೈದ ಗೆದ್ದಂತೆ ಕಾಣುತ್ತದೆ. ಆದರೆ 2020ರಿಂದ 2022ರವರೆಗೆ ಮೂರೂ ವರ್ಷ ಸೇರಿಸಿ, ಎಲ್ಲ ಕಾರಣಗಳ ಸಾವನ್ನೂ ಲೆಕ್ಕ ಹಾಕಿದಾಗ ಯೂರೋಪಿನಲ್ಲಿ ಹೆಚ್ಚುವರಿ ಸಾವು ತೀರ ಕಡಿಮೆಯಿದ್ದ ದೇಶಗಳಲ್ಲಿ ಸ್ವೀಡನ್ನೂ ಒಂದಾಯಿತು. ಅಲ್ಲಿನ ಜನ ಆಜ್ಞೆಯಿಲ್ಲದೆಯೂ ದೂರ ಉಳಿದರು, ರಜೆ ಹಾಕಿದರೆ ಸಂಬಳ ಸಿಗುತ್ತಿತ್ತು, ಲಸಿಕೆಯನ್ನು ಚೆನ್ನಾಗಿ ಹಾಕಿಸಿಕೊಂಡರು. ಒಂದೇ ಕೋಣೆಯಲ್ಲಿ ಆರು ಜನ ಮಲಗುವ ನಮ್ಮ ಮನೆಗಳಿಗೆ ಸ್ವೀಡನ್ನಿನ ಸಡಿಲಿಕೆಯೂ ಹೊಂದುವುದಿಲ್ಲ, ಸಮುದ್ರವೇ ಗಡಿಯಾದ ನ್ಯೂಜಿಲೆಂಡಿನ ಬಿಗಿಯೂ ಹೊಂದುವುದಿಲ್ಲ.

ಸ್ವೀಡನ್ನಿನ ಕಥೆಯಲ್ಲೇ ಮುಖ್ಯ ಸಂಗತಿಯೊಂದು ಅಡಗಿದೆ, ಅದು ಕಾಲ. ಲಸಿಕೆ ಇಲ್ಲದಾಗ ಉಳಿಸಿದ ಜೀವವನ್ನು ಮುಂದೂಡಿದ ಸಾವು ಎಂದು ಬೇಕಾದರೆ ಕರೆಯಬಹುದು. ಆರು ತಿಂಗಳಲ್ಲಿ ಲಸಿಕೆ ಬರುವುದಾದರೆ ಆ ಆರು ತಿಂಗಳು ಕಾಯಿಸಿದ ಜೀವ ನಿಜವಾಗಿ ಉಳಿದ ಜೀವವಾಗುತ್ತದೆ. ನಮ್ಮ ದೇಶದಲ್ಲಿ ಲಸಿಕೆ ಶುರುವಾದದ್ದು 2021ರ ಜನವರಿ 16ಕ್ಕೆ. ಅರವತ್ತು ದಾಟಿದವರಿಗೆ ಸಿಕ್ಕಿದ್ದು ಮಾರ್ಚ್ 1ರಿಂದ. ನೂರು ಕೋಟಿ ಡೋಸು ಮುಗಿದದ್ದು ಅಕ್ಟೋಬರ್ 21ಕ್ಕೆ. ಅವ್ವನಿಗೆ ಎರಡು ಡೋಸು ಆದ ಮೇಲೂ ಭಾವನ ಹೋಟೆಲು ಮುಚ್ಚಿಸುವುದಕ್ಕೆ ಅರ್ಥವಿಲ್ಲ. ಅವ್ವನ ಸರದಿ ಬರಲು ಎರಡು ವಾರ ಇರುವಾಗ ಜಾತ್ರೆ ನಡೆಸುವುದಕ್ಕೂ ಅರ್ಥವಿಲ್ಲ. ಒಂದೇ ಸಡಿಲಿಕೆ ಒಂದು ತಿಂಗಳಲ್ಲಿ ತಪ್ಪು, ಇನ್ನೊಂದು ತಿಂಗಳಲ್ಲಿ ಸರಿ.

ಮತ್ತೊಂದು ವಿಷಯ, ಎಲ್ಲ ನಿರ್ಬಂಧಕ್ಕೂ ಒಂದೇ ಬೆಲೆಯಿಲ್ಲ. ಮುಖಕ್ಕೆ ಬಟ್ಟೆ ಕಟ್ಟುವುದು, ಗಾಳಿಯಾಡುವ ಜಾಗದಲ್ಲಿ ವ್ಯಾಪಾರ ಮಾಡುವುದು, ಸಾವಿರ ಜನರ ಮದುವೆಯನ್ನು ಐವತ್ತಕ್ಕೆ ಇಳಿಸುವುದು, ಇವು ಅಗ್ಗದ ನಿರ್ಬಂಧಗಳು. ಬಯಲಿನಲ್ಲಿ ಕಡಲೆಕಾಯಿ ಬಿಡಿಸುವ ಕೂಲಿಯನ್ನು ತಡೆಯುವುದು, ತರಕಾರಿ ಲಾರಿ ನಿಲ್ಲಿಸುವುದು, ಶಾಲೆಯನ್ನು ವರ್ಷಗಟ್ಟಲೆ ಮುಚ್ಚುವುದು ದುಬಾರಿ ನಿರ್ಬಂಧಗಳು. ಅಗ್ಗದವನ್ನು ಮೊದಲು ಹಾಕಿ ಕೊನೆಗೆ ತೆಗೆಯಬೇಕು, ದುಬಾರಿಯವನ್ನು ಕೊನೆಗೆ ಹಾಕಿ ಮೊದಲು ತೆಗೆಯಬೇಕು. ನಾವು ಹಲವು ಸಲ ತಿರುಗುಮುರುಗು ಮಾಡಿದೆವು. 2021ರ ಮೇ ತಿಂಗಳಲ್ಲಿ ಆಂಧ್ರದಲ್ಲಿ ಬೆಳಿಗ್ಗೆ 6ರಿಂದ ಮಧ್ಯಾಹ್ನ 12ರವರೆಗೆ ಅಂಗಡಿ ತೆರೆಯಬಹುದಿತ್ತು, ಕರ್ನಾಟಕದಲ್ಲಿ ದಿನಸಿಗೆ 10 ಗಂಟೆಯವರೆಗೆ ಮಾತ್ರ. ಹೊತ್ತು ಕಿರಿದಾದಷ್ಟೂ ಸಂತೆಯಲ್ಲಿ ನೂಕುನುಗ್ಗಲು ಹೆಚ್ಚುತ್ತದೆ ಎಂಬ ಸಣ್ಣ ಮಾತನ್ನು ಯಾವ ಅಂಗಡಿಯವರನ್ನು ಕೇಳಿದ್ದರೂ ಹೇಳುತ್ತಿದ್ದರು.

ಇನ್ನು ಬಲುಸು ಸೊಪ್ಪಿನ ಪ್ರಶ್ನೆ. ಹೋಟೆಲು ಮುಚ್ಚು ಎಂದರೆ ಲಾಭ ಊರಿಗೆಲ್ಲ, ನಷ್ಟ ಭಾವನೊಬ್ಬನಿಗೆ. ಊರಿನ ಜೀವ ಉಳಿಸಲು ಅವನು ನಷ್ಟಪಟ್ಟರೆ ಅದನ್ನು ಊರು ತುಂಬಿಕೊಡಬೇಕು, ಇದು ನ್ಯಾಯ. 2020ರ ಏಪ್ರಿಲ್‌ನಿಂದ ಪಡಿತರದಲ್ಲಿ ತಲೆಗೆ ಐದು ಕಿಲೋ ಧಾನ್ಯ ಉಚಿತವಾಗಿ ಕೊಟ್ಟರು. ಆಂಧ್ರ ಸರ್ಕಾರ ಬಡ ಕುಟುಂಬಕ್ಕೆ ಸಾವಿರ ರೂಪಾಯಿ ಕೊಟ್ಟಿತು. ‘ಉಪಾಧಿ ಹಾಮಿ’ ಎಂದು ನಾವು ಕರೆಯುವ ಉದ್ಯೋಗ ಖಾತ್ರಿಯಲ್ಲಿ ದೇಶದಾದ್ಯಂತ ಹಿಂದಿನ ವರ್ಷದ 265 ಕೋಟಿ ಕೂಲಿ ದಿನಗಳ ಬದಲು 2020-21ರಲ್ಲಿ 389 ಕೋಟಿ ದಿನ ಕೆಲಸ ನಡೆಯಿತು. ಸೆಪ್ಟೆಂಬರ್ 9ರಂದು ಅನಂತಪುರದಿಂದ ದೆಹಲಿಗೆ ಕಿಸಾನ್ ರೈಲು ಹಣ್ಣು ಹೊತ್ತು ಹೊರಟಿತು. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಬಾಮೈದನ ತೋಟದಲ್ಲಿ ಏಪ್ರಿಲ್‌ನಲ್ಲಿ ಉದುರಿದ ಕಾಯಿಗೆ ಸೆಪ್ಟೆಂಬರಿನ ರೈಲು ಸಿಗಲಿಲ್ಲ, ಟೀ ಹೋಟೆಲಿನ ಬಾಡಿಗೆಗೆ ಐದು ಕಿಲೋ ಅಕ್ಕಿ ಆಗಲಿಲ್ಲ. ಹೊಟ್ಟೆಗೆ ಆಧಾರ ಸಿಕ್ಕಿದವನು ಮನೆಯಲ್ಲಿ ಕೂರುತ್ತಾನೆ, ಸಿಗದವನು ನಿಯಮ ಮುರಿದು ಹೊರಗೆ ಬರುತ್ತಾನೆ. ಆದ್ದರಿಂದ ಪರಿಹಾರವನ್ನು ರೋಗ ತಡೆಯುವ ಔಷಧಿಯ ಪಟ್ಟಿಯಲ್ಲೇ ಸೇರಿಸಬೇಕು.

ಬಲವಂತದ ಪಾಠ ನಮಗೆ ಹಳೆಯದು. 1898ರಲ್ಲಿ ಪ್ಲೇಗು ಬೆಂಗಳೂರಿಗೆ ರೈಲು ಹಳಿ ಹಿಡಿದು ಬಂತು. ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದರು. ಅಧಿಕಾರಿಗಳು ಮನೆ ನುಗ್ಗಿ ರೋಗಿಗಳನ್ನು ಬೇರೆ ಮಾಡುತ್ತಿದ್ದರು. ಅದೇ ವರ್ಷ ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ ಪ್ಲೇಗು ನಿಯಮಗಳ ವಿರುದ್ಧ ಗಲಭೆಯೆದ್ದಿತು. ಪ್ಲೇಗಿಗೆಂದು 1897ರಲ್ಲಿ ಮಾಡಿದ ಕಾಯ್ದೆಯನ್ನೇ 2020ರಲ್ಲೂ ಬಳಸಿದರು. ಕಾಯ್ದೆಯಲ್ಲಿ ಅಧಿಕಾರವಿತ್ತು, ಹಸಿದವನಿಗೆ ಅನ್ನದ ಮಾತಿರಲಿಲ್ಲ.

ಈ ರೋಗದ ಒಟ್ಟು ಲೆಕ್ಕದಲ್ಲೂ ಒಂದು ಎಚ್ಚರಿಕೆ ಬೇಕು. ಸರ್ಕಾರಿ ಲೆಕ್ಕದಲ್ಲಿ ಆಂಧ್ರದಲ್ಲಿ ಸತ್ತವರು 14 ಸಾವಿರಕ್ಕೂ ಹೆಚ್ಚು, ಕರ್ನಾಟಕದಲ್ಲಿ 40 ಸಾವಿರಕ್ಕೂ ಹೆಚ್ಚು. ದೇಶದಲ್ಲಿ 2021ರ ಕೊನೆಗೆ 4 ಲಕ್ಷದ 81 ಸಾವಿರ. ಆ ಎರಡು ವರ್ಷಗಳ ಹೆಚ್ಚುವರಿ ಸಾವು ಸುಮಾರು 47 ಲಕ್ಷ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತು, ಭಾರತ ಸರ್ಕಾರ ಅದನ್ನು ಒಪ್ಪಲಿಲ್ಲ. ಸತ್ತವರನ್ನು ಸರಿಯಾಗಿ ಎಣಿಸದಿದ್ದರೆ ಸಡಿಲಿಕೆಗೆ ತೆತ್ತ ಬೆಲೆಯೂ ತಿಳಿಯದು, ಬಿಗಿಗೆ ತೆತ್ತ ಬೆಲೆಯೂ ತಿಳಿಯದು. ಮನೆಯಲ್ಲಿ ಸಾವಾದರೆ ಪಂಚಾಯಿತಿಯಲ್ಲಿ ಕಾರಣ ಸಹಿತ ಬರೆಸುವುದು ಬರೀ ಆಸ್ತಿಯ ಕಾಗದಕ್ಕಾಗಿ ಎಂದು ತಿಳಿಯಬೇಡಿ.

ಹಾಗಾದರೆ ಭಾವ ಸರಿಯೋ, ಬಾಮೈದ ಸರಿಯೋ? ನಿಮ್ಮ ಊರಿನಲ್ಲಿ ಮುಂದೊಂದು ದಿನ ಈ ಚರ್ಚೆ ಬಂದರೆ ಜೀವ ದೊಡ್ಡದೋ ಜೀವನ ದೊಡ್ಡದೋ ಎಂದು ವಾದಕ್ಕೆ ಕೂರಬೇಡಿ, ಅದು ಮುಗಿಯುವುದಿಲ್ಲ. ನಾಲ್ಕು ಸಣ್ಣ ಪ್ರಶ್ನೆ ಕೇಳಿ. ರೋಗ ಒಂದರ ಗೆರೆಯ ಮೇಲಿದೆಯೋ ಕೆಳಗಿದೆಯೋ? ಆಸ್ಪತ್ರೆಯಲ್ಲಿ ಹಾಸಿಗೆ ಉಳಿದಿದೆಯೋ ಇಲ್ಲವೋ? ಕಾಯ್ದರೆ ಲಸಿಕೆಯೋ ಮದ್ದೋ ಬರುವುದಿದೆಯೋ? ಬಾಗಿಲು ಹಾಕಿದವನ ಮನೆಯ ಒಲೆಗೆ ಯಾರು ಹೊಣೆ? ಮೊದಲ ಎರಡಕ್ಕೆ ಉತ್ತರ ಕೆಟ್ಟದಾಗಿದ್ದು ಮೂರನೆಯದಕ್ಕೆ ಹೌದು ಎಂದಾದರೆ ಬಾಮೈದನ ಮಾತು ಕೇಳಿ, ಬಾಗಿಲು ಹಾಕಿ, ನಾಲ್ಕನೆಯದಕ್ಕೆ ಆ ದಿನವೇ ವ್ಯವಸ್ಥೆ ಮಾಡಿ. ಹಾಸಿಗೆ ಖಾಲಿಯಿದ್ದು, ರೋಗ ಇಳಿಯುತ್ತಿದ್ದು, ವಯಸ್ಸಾದವರಿಗೆ ಲಸಿಕೆ ಆಗಿದ್ದರೆ ಭಾವನ ಮಾತು ಕೇಳಿ, ಶಾಲೆಯ ಬಾಗಿಲನ್ನು ಎಲ್ಲಕ್ಕಿಂತ ಮೊದಲು ತೆಗೆಯಿರಿ. ಗಡಿಯಲ್ಲಿ ಮಾತ್ರ ಎಂಥ ಕಾಲದಲ್ಲೂ ಆಂಬುಲೆನ್ಸಿಗೆ ದಾರಿ ಇರಲಿ.

ಕನ್ನಡದಲ್ಲಿ ‘ಬದುಕು’ ಎಂದರೆ ಉಸಿರಾಡುವುದೂ ಹೌದು, ಮನೆ ಮಠ ಹೊಲ ಕಸುಬೂ ಹೌದು. ತೆಲುಗಿನಲ್ಲಿ ಕಸುಬಿಗೆ ‘ಬತುಕುತೆರುವು’ ಎನ್ನುತ್ತಾರೆ, ಬದುಕುವ ದಾರಿ ಎಂದು. ಎರಡೂ ಭಾಷೆ ಬಲ್ಲ ನಮಗೆ ಅವೆರಡನ್ನು ಬೇರೆ ಬೇರೆ ತಕ್ಕಡಿಯಲ್ಲಿ ಇಟ್ಟು ತೂಗುವುದು ಕಷ್ಟವೇ. ಕಷ್ಟವಾದರೂ ತೂಗಲೇಬೇಕಾದ ದಿನ ಬಂದರೆ, ತಕ್ಕಡಿ ಹಿಡಿದವರ ಎದುರಿಗೆ ಅವ್ವನೂ ಇರಲಿ, ಹೋಟೆಲಿನ ಹುಡುಗನೂ ಇರಲಿ.